ಗುಮ್ಮಟಕ್ಕೆ ಸಿಮೆಂಟಿನ ಅಂಗಿ

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಒಳಗೆ ನಿಂತು ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಎಣಿಸಿ ಬರುತ್ತಾರೆ. ಗುಮ್ಮಟದ ಹೊರಮೈಯನ್ನು ದಿಟ್ಟಿಸುವವರು ಕಡಿಮೆ. ಮಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627–1656) ಈ ಸಮಾಧಿಯ ಗುಮ್ಮಟಕ್ಕೆ ಹೊರಗಿನ ವ್ಯಾಸ ಸುಮಾರು 44 ಮೀಟರ್, ದಪ್ಪ ಹತ್ತಿರ ಹತ್ತಿರ 3 ಮೀಟರ್. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕೆಲಸ. ಇಷ್ಟು ದಪ್ಪದ ಗುಮ್ಮಟವೂ ಬಿರುಕು ಬಿಟ್ಟಿತು. 1930ರ ದಶಕದಲ್ಲಿ ಪುರಾತತ್ವ ಇಲಾಖೆ ಅದರ ಹೊರಮೈಗೆ 'ಗುನೈಟ್' ಪದರ ಹೊದಿಸಿತು.

ದಪ್ಪವಿದ್ದರೂ ಗುಮ್ಮಟ ಏಕೆ ಬಿರುಕು ಬಿಡುತ್ತದೆ? ಅರ್ಧಗೋಳದ ನೆತ್ತಿಯ ಭಾಗ ತನ್ನದೇ ಭಾರಕ್ಕೆ ಒತ್ತಿಕೊಂಡು ಬಿಗಿಯಾಗಿರುತ್ತದೆ. ಕೆಳಭಾಗ ಮಾತ್ರ ಹೊರಕ್ಕೆ ಹಿಗ್ಗಲು ನೋಡುತ್ತದೆ. ಪೀಪಾಯಿಯ ಕಬ್ಬಿಣದ ಪಟ್ಟಿ ಸಡಿಲವಾದರೆ ಹಲಗೆಗಳು ಬಾಯಿ ಬಿಡುವುದಿಲ್ಲವೇ, ಹಾಗೆ. ಇಟ್ಟಿಗೆ ಗಾರೆಗಳು ಒತ್ತಡವನ್ನು ತಡೆದಾವು, ಎಳೆತವನ್ನು ತಡೆಯಲಾರವು. ಅದಕ್ಕೇ ಇಂಥ ಗುಮ್ಮಟಗಳಲ್ಲಿ ಬಿರುಕು ಸಾಮಾನ್ಯವಾಗಿ ಬುಡದಿಂದ ಮೇಲಕ್ಕೆ ಏರುತ್ತದೆ. ಜೊತೆಗೆ ಬಯಲುಸೀಮೆಯ ಹಗಲಿನ ಕಾವು, ರಾತ್ರಿಯ ತಂಪು. ಬಿರುಕಿನೊಳಗೆ ಇಳಿಯುವ ಮಳೆನೀರು ಬೇರೆ.

ಗುನೈಟ್ ಹುಟ್ಟಿದ ಕಥೆ ವಿಚಿತ್ರವಾಗಿದೆ. ಅಮೆರಿಕದ ಕಾರ್ಲ್ ಏಕ್‌ಲಿ ಎಂಜಿನಿಯರ್ ಅಲ್ಲ. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಟ್ಟು ನಿಲ್ಲಿಸುವುದು ಅವನ ಕಸುಬು. ಷಿಕಾಗೋದ ವಸ್ತುಸಂಗ್ರಹಾಲಯದ ಹೊರಗೋಡೆ ಉದುರುತ್ತಿದ್ದಾಗ, 1907ರ ಸುಮಾರಿಗೆ, ಗಾರೆಯನ್ನು ಗಾಳಿಯಿಂದ ಎರಚುವ ಯಂತ್ರವನ್ನು ಅವನು ಮಾಡಿದ. 1911ರಲ್ಲಿ ಪೇಟೆಂಟ್ ಸಿಕ್ಕಿತು. ಯಂತ್ರದ ಹೆಸರು 'ಸಿಮೆಂಟ್ ಗನ್', ಅದು ಎರಚುವ ಗಾರೆ 'ಗುನೈಟ್'.

ಕೋಲಾರದ ಚಿನ್ನದ ಗಣಿ ಪ್ರದೇಶದ ಹಿರಿಯರಿಗೆ ಈ ಯಂತ್ರದ ಶಕ್ತಿ ಹೊಸದಲ್ಲ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಬಂಡೆ ಕೊರೆಯುತ್ತಿದ್ದ ಡ್ರಿಲ್ಲುಗಳನ್ನು ಓಡಿಸುತ್ತಿದ್ದುದೂ ಅದುಮಿದ ಗಾಳಿಯೇ. ಇಲ್ಲಿ ಅದೇ ಗಾಳಿ ಒಣ ಸಿಮೆಂಟು ಮರಳನ್ನು ಕೊಳವೆಯಲ್ಲಿ ತಳ್ಳಿಕೊಂಡು ಬರುತ್ತದೆ. ನೀರು ಸೇರುವುದು ಕೊನೆಗೆ, ಕೊಳವೆಯ ಮೂತಿಯಲ್ಲಿ. ರಭಸಕ್ಕೆ ಗಾರೆ ತಾನೇ ಅದುಮಿಕೊಂಡು ಗಟ್ಟಿಯಾಗುತ್ತದೆ. ನೀರು ಕಡಿಮೆ ಸಾಕಾಗುವುದರಿಂದ ಬಲ ಹೆಚ್ಚು. ಇಳಿಜಾರಿನಲ್ಲೂ ಜಾರುವುದಿಲ್ಲ, ಹಲಗೆ ಕಟ್ಟಬೇಕಿಲ್ಲ.

ಇದರಿಂದ ಏನು ಸಾಧ್ಯವೆಂಬುದು ಜರ್ಮನಿಯ ಯೇನಾದಲ್ಲಿ ಕಂಡಿತು. ಅಲ್ಲಿನ ಝೈಸ್ ಕಾರ್ಖಾನೆಯ ಮಾಳಿಗೆಯ ಮೇಲೆ 1922ರ ಸುಮಾರಿಗೆ ವಾಲ್ಟರ್ ಬೌವರ್ಸ್‌ಫೆಲ್ಡ್ ತಾರಾಲಯದ ಪ್ರಯೋಗಕ್ಕಾಗಿ ಕಬ್ಬಿಣದ ಸರಳುಗಳ ಬಲೆ ಹೆಣೆದು, ಅದರ ಮೇಲೆ ಕಾಂಕ್ರೀಟು ಎರಚಿಸಿದ. ಗುಮ್ಮಟದ ವ್ಯಾಸ 16 ಮೀಟರ್, ದಪ್ಪ ಕೇವಲ 3 ಸೆಂಟಿಮೀಟರ್! ಎಳೆತವನ್ನು ಸರಳು ಹೊತ್ತಿತು, ಒತ್ತಡವನ್ನು ಕಾಂಕ್ರೀಟು.

ಹೊಸ ಗುಮ್ಮಟಕ್ಕೆ ಇದು ಸರಿ. ಹಳೆಯದಕ್ಕೆ? ಇಲ್ಲೇ ತಕರಾರು. ಸುಣ್ಣದ ಗಾರೆ ಮೆದು. ತುಸು ಬಾಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿರುಸು, ತೇವವನ್ನು ಸುಲಭಕ್ಕೆ ಬಿಡದು. ಎಲ್ಲೋ ಒಂದು ಸಂದಿನಲ್ಲಿ ನೀರು ಇಳಿದರೆ ಎರಡು ಪದರಗಳ ನಡುವೆ ಸಿಕ್ಕಿಬೀಳುತ್ತದೆ, ಲವಣಗಳೂ ಅಲ್ಲೇ ಕೂಡುತ್ತವೆ. ಆದ್ದರಿಂದ ಈಗಿನ ಸಂರಕ್ಷಣಾ ತಜ್ಞರು ಸುಣ್ಣದ ಕಟ್ಟಡಕ್ಕೆ ಸುಣ್ಣದಿಂದಲೇ ರಿಪೇರಿ ಬಯಸುತ್ತಾರೆ. ಹಾಗೆಂದು 1930ರ ದಶಕದವರನ್ನು ಹಳಿಯುವುದು ನ್ಯಾಯವಲ್ಲ. ಬಿರುಕು ಬಿಟ್ಟ ಅಷ್ಟು ದೊಡ್ಡ ಗುಮ್ಮಟ ಕಣ್ಣೆದುರಿಗಿತ್ತು. ಆಗಿನ ಕಾಲಕ್ಕೆ ಅತ್ಯಾಧುನಿಕವಾದ ಮದ್ದನ್ನೇ ಅವರು ಹಚ್ಚಿದರು.

ಇಂದು ಗುಮ್ಮಟದ ಆಕಾರದ ಸಭಾಂಗಣ, ಧ್ಯಾನಮಂದಿರ ಕಟ್ಟಿಸುವವರು ದಪ್ಪದ ಲೆಕ್ಕವನ್ನೇ ಕೇಳುತ್ತಾರೆ. ಕೇಳಬೇಕಾದ್ದು ಬೇರೆ. ತಳದ ಮೈಯನ್ನು ದೂಳಿಲ್ಲದಂತೆ ತೊಳೆದು ತೇವ ಮಾಡಿದ್ದಾರೆಯೇ? ಮೂತಿಯನ್ನು ಮೈಗೆ ನೇರವಾಗಿ, ಸುಮಾರು ಒಂದು ಮೀಟರ್ ದೂರದಲ್ಲಿ ಹಿಡಿಯುತ್ತಾರೆಯೇ? ಪುಟಿದು ಕೆಳಗೆ ಬಿದ್ದ ಮರಳನ್ನು ಬಾಚಿ ಮತ್ತೆ ಯಂತ್ರಕ್ಕೆ ಸುರಿಯುತ್ತಿಲ್ಲ ತಾನೆ? ಕಂಟ್ರಾಕ್ಟರ್ ಉಳಿತಾಯ ಮಾಡುವ ಜಾಗ ಇದೇ! ಮುಗಿದ ಮೇಲೆ ಕನಿಷ್ಠ ಏಳು ದಿನ ಒದ್ದೆ ಗೋಣಿತಾಟು ಹೊದಿಸಬೇಕು. ಆಮೇಲೆ ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಟಣ್ಣೆಂದರೆ ಪದರ ಕಚ್ಚಿಕೊಂಡಿದೆ. ಡಬಡಬ ಎಂದರೆ ಒಳಗೆ ಪೊಳ್ಳು. ಅಷ್ಟು ಭಾಗವನ್ನು ಕಿತ್ತು ಮತ್ತೆ ಎರಚಬೇಕು.