ಎದ್ದೆ, ಬಿದ್ದೆ ಎನ್ನುವ ಮುನ್ನ

ಜಾರಿ ಬಿದ್ದವರನ್ನು ಕಂಡರೆ ಮೊದಲು ಬರುವುದು ನಗು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೬ ಲಕ್ಷ ೮೪ ಸಾವಿರ ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳ ಸಾವಿನಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ.

ಅಡಿಕೆ ಸುಗ್ಗಿ ಬಂತೆಂದರೆ ಚನ್ನಗಿರಿ, ನ್ಯಾಮತಿ ಕಡೆ ಮರದಿಂದ ಬಿದ್ದವರ ಸುದ್ದಿ ಎಲ್ಲರಿಗೂ ಗೊತ್ತಾಗುತ್ತದೆ. ನೆಲದ ಮೇಲೇ ಬಿದ್ದವರ ಸುದ್ದಿ ವೈದ್ಯರಿಗೆ ಮಾತ್ರ. ಕಳೆದ ಸುಗ್ಗಿಯಲ್ಲಿ ಬಂದ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು, "ಏನೂ ಆಗ್ಲಿಲ್ಲ ಡಾಕ್ಟ್ರೇ, ಎದ್ದೆ, ಬಿದ್ದೆ ಅಷ್ಟೆ" ಎಂದರು. ಕೇಳಿದರೆ, ಮೂರು ತಾಸು ಅಡಿಕೆ ಸುಲಿಯುತ್ತ ಒಂದೇ ಭಂಗಿಯಲ್ಲಿ ಕುಳಿತಿದ್ದರಂತೆ. ಹಾಗೆ ಕಾಲು ಮಡಿಸಿ ಕುಳಿತಾಗ ಮಂಡಿಯ ಹೊರಬದಿಯ ನರ ಒತ್ತಿಹೋಗಿ ಪಾದ ಜೋಮು ಹಿಡಿಯುತ್ತದೆ. ಎದ್ದು ಹೆಜ್ಜೆ ಇಟ್ಟರೆ ಪಾದದ ಮುಂಭಾಗ ಮೇಲೇಳುವುದಿಲ್ಲ. ಅವರ ಪಾದ ಗೋಣಿಚೀಲಕ್ಕೆ ತಗುಲಿತು, ಊರಿದ ಕೈಯ ಮೂಳೆ ಮಣಿಕಟ್ಟಿನ ಬಳಿ ಮುರಿಯಿತು. ರಕ್ತ ಪರೀಕ್ಷಿಸಿದಾಗ ಸಕ್ಕರೆ ಕಾಯಿಲೆಯೂ ಹೊರಬಿತ್ತು. ಅದು ಪಾದದ ಸ್ಪರ್ಶವನ್ನೇ ಕುಂದಿಸುವ ರೋಗ.

ಆದ್ದರಿಂದ ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಕಾಲು ಚಾಚಿ. ಏಳುವ ಮುನ್ನ ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಏನನ್ನಾದರೂ ಹಿಡಿದು ಏಳಿ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು.

ಬೇಯಿಸುವ ಜಾಗ ಇನ್ನೂ ಅಪಾಯದ್ದು. ಚೆಲ್ಲಿದ ಚೊಗರು ನೆಲದ ಬಣ್ಣದಲ್ಲೇ ಬೆರೆತು ಕಾಣುವುದಿಲ್ಲ. ಜಾರಿದವರ ಪಕ್ಕದಲ್ಲಿ ಕುದಿಯುವ ಹಂಡೆ ಇರುತ್ತದೆ. ಚೆಲ್ಲಿದ ಕೂಡಲೇ ಮರದ ಪುಡಿ ಹಾಕಿ ಹೀರಿಸಿ, ಗುಡಿಸಿ ತೆಗೆಯಬೇಕು. ಹೊನ್ನಾಳಿಯ ಅಕ್ಕಿ ಗಿರಣಿಯವರಿಗೂ ಇದೇ ಮಾತು: ತೌಡು ಒಣಗಿದ್ದರೂ ಅದರಲ್ಲಿ ಎಣ್ಣೆಯಿದೆ. ಜಗಳೂರಿನಲ್ಲಿ ಮೆಕ್ಕೆಜೋಳದ ಮೂಟೆ ಹೊತ್ತು ಹಲಗೆಯ ಮೇಲೆ ಲಾರಿ ಹತ್ತುವ ಹಮಾಲರಿಗೆ ತಮ್ಮ ಕಾಲೇ ಕಾಣದು. ಅಲುಗದಂತೆ ಕಟ್ಟಿದ ಅಗಲವಾದ ಹಲಗೆ ಒದಗಿಸುವುದು ಮಾಲೀಕರ ಹೊಣೆ. ನೆಲ ಜಾರದಂತೆ, ದಾರಿಗೆ ಅಡ್ಡಿ ಇಲ್ಲದಂತೆ ಇರಬೇಕೆಂದು ೧೯೪೮ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. "ನೋಡಿಕೊಂಡು ನಡೆಯಬಾರದೇ?" ಎಂದು ಬಿದ್ದವರನ್ನು ಗದರುವುದು ಸುಲಭ, ಬಲ್ಬು ಹಾಕಿಸಲು ಮಾತ್ರ ಕೈ ಬಾರದು!

ಎತ್ತರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ, ಆಟೋದಲ್ಲಿ ಮಡಿಸಿ ತುಂಬಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಷ್ಟರಿಂದಲೇ ಕಾಲಿನ ಶಕ್ತಿ ಹೋಗಬಹುದು. ಕುತ್ತಿಗೆ ಅಲುಗದಂತೆ ಹಿಡಿದು ೧೦೮ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾದವರು ಚೆನ್ನಾಗಿ ಮಾತಾಡುತ್ತಿದ್ದರೂ ಒಂದು ದಿನ ಕಣ್ಣಿಟ್ಟಿರಿ. ವಾಂತಿ, ಹೆಚ್ಚುವ ತಲೆನೋವು, ಮಂಪರು, ಕಿವಿಯಿಂದ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮುರಿದ ಕೈಯನ್ನು ತಿಕ್ಕಬಾರದು, ಎಳೆಯಬಾರದು. ಬಳೆ, ಉಂಗುರ ಮೊದಲು ತೆಗೆದು, ದಪ್ಪಗೆ ಮಡಿಸಿದ ದಿನಪತ್ರಿಕೆಯನ್ನು ಆನಿಕೆಯಾಗಿಟ್ಟು ಬಟ್ಟೆಯಿಂದ ಕಟ್ಟಿ ಕರೆತನ್ನಿ. ಈ ಪತ್ರಿಕೆಯೇ ಸಾಕು.