ಮುಳ್ಳಿಲಿ ಸಾಕಬಹುದೆ?

ಮುಳ್ಳುಹಂದಿ ನಮಗೆಲ್ಲ ಗೊತ್ತು. ರಾತ್ರಿ ಬಂದು ಕಡಲೆಕಾಯಿ, ಗೆಣಸು ಅಗೆದು ತಿಂದು ಹೋಗೋ ಪ್ರಾಣಿ. ಮುಳ್ಳಿಲಿ ಅದಲ್ಲ. ಅಂಗೈಯಲ್ಲಿ ಹಿಡಿಸುವ ಗಾತ್ರ, ಚೂಪು ಮೂತಿ, ಬೆನ್ನ ತುಂಬ ಗಿಡ್ಡ ಮುಳ್ಳು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಇದು ಹೆಸರಿಗೆ ಮಾತ್ರ ಇಲಿ. ನಿಜವಾಗಿ ಹುಳ ತಿನ್ನುವ ಸೊಂಡಿಲಿಯ ನೆಂಟ.

ಈಗ ಹುಡುಗರು ಫೋನಿನಲ್ಲಿ ಇದರ ವಿಡಿಯೊ ನೋಡಿ, ನಾವೂ ಒಂದು ಸಾಕೋಣ ಅಂತ ಹಟ ಹಿಡೀತಾರೆ. ಹೂಂ ಅನ್ನೋದಕ್ಕೆ ಮೊದಲು ಕೆಲವು ವಿಚಾರ ತಿಳಿದಿರಬೇಕು.

ಸಾಕೋ ಕಷ್ಟ

ಅಮೆರಿಕದಲ್ಲಿ ಮನೆಯೊಳಗೆ ಸಾಕುವುದು ಆಫ್ರಿಕಾ ಮೂಲದ ಸಣ್ಣ ಜಾತಿ. ತೂಕ ಸುಮಾರು ಕಾಲು ಕಿಲೋದಿಂದ ಅರ್ಧ ಕಿಲೋ. ಸಾಮಾನ್ಯವಾಗಿ 3ರಿಂದ 5 ವರ್ಷ ಬದುಕುತ್ತದೆ. ಹಗಲೆಲ್ಲ ಮಲಗಿ ರಾತ್ರಿ ಓಡಾಡೋ ಜೀವ. ಅದಕ್ಕೇ ಪಂಜರದೊಳಗೆ ಓಡಲು ಚಕ್ರ ಇಡುತ್ತಾರೆ. ಚಕ್ರದಲ್ಲಿ ಸಂದಿ ಇದ್ದರೆ ಕಾಲು ಸಿಕ್ಕಿ ಮುರೀತದೆ. ಒಂಟಿಯಾಗಿರೋ ಪ್ರಾಣಿಯಾದ್ದರಿಂದ ಜೋಡಿ ಹಾಕಿದರೆ ಕಚ್ಚಾಡುತ್ತವೆ.

ಚಳಿ ಇದಕ್ಕೆ ಆಗೋದಿಲ್ಲ. 24ರಿಂದ 27 ಡಿಗ್ರಿ ಶಾಖ ಬೇಕು. 18 ಡಿಗ್ರಿಗಿಂತ ಕೆಳಗಿಳಿದರೆ ಮೈ ತಣ್ಣಗಾಗಿ, ಮಂಕಾಗಿ ಬಿದ್ದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಸಾಯಲೂಬಹುದು. ನಮ್ಮ ಮಾಗಿ ಚಳಿ ನೆನೆಸಿಕೊಳ್ಳಿ! ಹಾಲು ಇಟ್ಟರೆ ಆಸೆಯಿಂದ ಕುಡೀತದೆ, ಆದರೆ ಅರಗದೆ ಭೇದಿ ಹತ್ತುತ್ತದೆ. ಹುಳಹುಪ್ಪಟೆ, ಜೊತೆಗೆ ಬೆಕ್ಕಿನ ಒಣ ಆಹಾರ ಕೊಡಬೇಕು.

ಕೊಟ್ಟಿಗೆಗೂ ಅಪಾಯ

ಅಮೆರಿಕ ಸರ್ಕಾರ 1991ರಲ್ಲಿ ಆಫ್ರಿಕಾದ ಮುಳ್ಳಿಲಿ ತರಿಸುವುದನ್ನು ನಿಲ್ಲಿಸಿತು. ಯಾಕೆ ಗೊತ್ತೆ? ಕಾಲುಬಾಯಿ ಜ್ವರದ ಭಯ. ದನ, ಕುರಿ, ಹಂದಿಗೆ ಬರುವ ಆ ರೋಗ ಮುಳ್ಳಿಲಿಗೂ ತಗಲುತ್ತದೆ. ಅಲ್ಲಿ 1929ರಿಂದ ಆ ರೋಗ ಕಾಣಿಸಿಲ್ಲ, ಆದರೂ ಅಷ್ಟು ಎಚ್ಚರ. ನಾವೋ ವರ್ಷ ವರ್ಷ ದನಕ್ಕೆ ಲಸಿಕೆ ಹಾಕಿಸುತ್ತಾ ಇದ್ದೇವೆ. ಎಲ್ಲಿಂದ ಬಂತು ಅಂತ ತಿಳಿಯದ ಪ್ರಾಣಿಯನ್ನು ದನ ಕಟ್ಟುವ ಮನೆಗೆ ತರೋದು ಜಾಣತನವಲ್ಲ.

ಮನುಷ್ಯರಿಗೂ ತೊಂದರೆ ಇದೆ. ಇದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. 2019ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಕಿದ ಮುಳ್ಳಿಲಿಗಳಿಂದ ಜನರಿಗೆ ಜ್ವರ, ಭೇದಿ ಹರಡಿತ್ತು. ಪ್ರಾಣಿ ನೋಡೋಕೆ ಗಟ್ಟಿಮುಟ್ಟಾಗೇ ಇರ್ತದೆ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲೇಬೇಕು. ಸಣ್ಣ ಮಕ್ಕಳಿಗೆ ಅಪಾಯ ಹೆಚ್ಚು.

ನಮ್ಮ ಕಡೆಯದನ್ನು ಹಿಡಿಯಬಹುದೆ?

ದಕ್ಷಿಣ ಭಾರತದಲ್ಲೂ ಒಂದು ಮುಳ್ಳಿಲಿ ಉಂಟು. ತಮಿಳುನಾಡು, ಆಂಧ್ರ, ಕೇರಳದ ಒಣ ಕುರುಚಲಲ್ಲಿ ಇದೆ. ತಮಿಳರು ಮುಳ್ಳೆಲಿ ಅಂತಾರೆ. ಅಲ್ಲಿ ಕೆಲವೆಡೆ ಮಕ್ಕಳ ಕೆಮ್ಮಿಗೆ ಮದ್ದು ಅಂತ ಹಿಡಿದು ಇದರ ಮುಳ್ಳು ಬಳಸುತ್ತಾರೆ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸಾಯೋವೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನು ಹಿಡಿಯೋದು, ಸಾಕೋದು, ಮಾರೋದು ಎಲ್ಲವೂ ಅಪರಾಧ.

ಪೇಟೆಯಿಂದ ತಂದು, ಬೇಜಾರಾದಾಗ ಹೊಲಕ್ಕೆ ಬಿಟ್ಟರಾಯ್ತು ಅನ್ನಬೇಡಿ. ಸ್ಕಾಟ್ಲೆಂಡಿನ ಸೌತ್ ಯುಯಿಸ್ಟ್ ದ್ವೀಪದಲ್ಲಿ 1974ರಲ್ಲಿ, ತೋಟದ ಹುಳ ತಿನ್ನಲಿ ಅಂತ ಮುಳ್ಳಿಲಿ ತಂದು ಬಿಟ್ಟರು. ಅವು ಸಂತಾನ ಬೆಳೆಸಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗೇ ಬಾಯಿ ಹಾಕಿದವು. ಆಮೇಲೆ ಹಿಡಿದು ಸಾಗಿಸೋಕೆ ಪಟ್ಟ ಪಾಡು ಅಷ್ಟಿಷ್ಟಲ್ಲ.

ಪಂಜರವಿಲ್ಲದೆ ಸಾಕುವುದು

ಇಂಗ್ಲೆಂಡಿನ ಮುಳ್ಳಿಲಿ ಕಾಡಿನದು. ಅಲ್ಲಿನ ಜನ ಪಂಜರಕ್ಕೆ ಹಾಕೋದಿಲ್ಲ. ಬೇಲಿ ಬುಡದಲ್ಲಿ 13 ಸೆಂಟಿಮೀಟರ್ ಉದ್ದಗಲದ ಕಿಂಡಿ ಬಿಡುತ್ತಾರೆ. ಅದು ತೋಟದಿಂದ ತೋಟಕ್ಕೆ ಓಡಾಡಿ ಹುಳ ಹೆಕ್ಕುತ್ತದೆ. ಮೇವಿನ ಖರ್ಚೇ ಇಲ್ಲ.

ಈ ಪಾಠ ನಮಗೂ ಸಲ್ಲುತ್ತದೆ. ಹುಳ ತಿನ್ನೋ ಓತಿಕ್ಯಾತ, ಕಪ್ಪೆ, ಇಲಿ ಹಿಡಿಯೋ ಗೂಬೆ ನಮ್ಮಲ್ಲೂ ಇವೆ. ಕಳ್ಳಿ, ಕತ್ತಾಳೆ ಬೇಲಿ ಕಿತ್ತು ತಂತಿ ಎಳೆದರೆ ಇವು ಎಲ್ಲಿಗೆ ಹೋಗಬೇಕು? ಬದುವಿನ ಒಂದು ಮೂಲೆಯಲ್ಲಿ ಪೊದೆ ಉಳಿಸಿ. ಕಸದ ಗುಡ್ಡೆಗೆ ಬೆಂಕಿ ಇಡೋ ಮುಂಚೆ ಕೋಲಿನಿಂದ ಒಮ್ಮೆ ಕೆದಕಿ ನೋಡಿ. ವಿಷ ಹೊಡೆಯೋದು ಕಡಿಮೆ ಮಾಡಿ. ಮಕ್ಕಳಿಗೆ ಪ್ರಾಣಿ ನೋಡೋ ಆಸೆ ಇದ್ದರೆ ಸಂಜೆ ಬ್ಯಾಟರಿ ಹಿಡಿದು ಬದುವಿಗೆ ಕರೆದುಕೊಂಡು ಹೋಗಿ, ದೂರದಿಂದ ತೋರಿಸಿ.