ಬಾನೆಟ್ಟಿಗೆ ಬಾಯಿ ಬಂದದ್ದು

1964ರ ಪಾಂಟಿಯಾಕ್ ಜಿಟಿಒ ಕಾರಿನ ಬಾನೆಟ್ ಮೇಲೆ ಮೂಗಿನ ಹೊಳ್ಳೆಗಳಂತೆ ಎರಡು ಉಬ್ಬುಗಳಿವೆ, ಕಾರಿನವರ ಮಾತಿನಲ್ಲಿ ಸ್ಕೂಪ್‌ಗಳು. ಎರಡೂ ಕಟ್ಟಿಕೊಂಡಿವೆ. ಮುಂದೆ ನಿಂತು ನೋಡಿದರೆ ಎದುರು ಬರುವ ಗಾಳಿಯನ್ನೆಲ್ಲ ನುಂಗಲು ಸಿದ್ಧವಾದಂತೆ ಕಾಣುತ್ತವೆ, ಆದರೆ ಹಿಂದೆ ಅಡ್ಡ ಮುಚ್ಚಿದೆ. ಒಳಗಿರುವ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ತನ್ನದೇ ಶಾಖಕ್ಕೆ ಕಾದ ಗಾಳಿಯನ್ನು ಎಳೆದುಕೊಂಡು ಓಡುತ್ತದೆ. ಅಮೆರಿಕದ ಮಸಲ್ ಕಾರುಗಳ ಚರಿತ್ರೆಯನ್ನು ಬಹಳ ಮಂದಿ ಈ ಕಾರಿನಿಂದಲೇ ಶುರು ಮಾಡುತ್ತಾರೆ. ಅಂಥ ಕಾರಿನ ಮುಖದ ಮೇಲಿದ್ದ ಗುರುತೇ ಸುಳ್ಳಾಗಿತ್ತು ಎಂಬುದು ನನ್ನನ್ನು ಬಹುಕಾಲ ಕಾಡಿದೆ. ಮರುವರ್ಷ ಆ ಸುಳ್ಳನ್ನು ನಿಜ ಮಾಡಿದ್ದು ಒಂದು ತಗಡಿನ ತಟ್ಟೆ, ಒಂದಿಷ್ಟು ಫೋಮ್ ಮತ್ತು ಹತಾರ ಹಿಡಿಯಲು ಅಂಜದ ಕೈಗಳು.

ಕಥೆಯ ಬೇರು 1963ರ ಜನವರಿಯಲ್ಲಿದೆ. ತನ್ನ ಯಾವ ವಿಭಾಗವೂ ರೇಸಿಗೆ ಕೈಹಾಕಕೂಡದು ಎಂದು ಜನರಲ್ ಮೋಟಾರ್ಸ್‌ನ ಆಡಳಿತ ಆಗ ಕಟ್ಟಪ್ಪಣೆ ಮಾಡಿತು. ಅದರ ವಿಭಾಗಗಳಲ್ಲೊಂದಾದ ಪಾಂಟಿಯಾಕ್‌ಗೆ ಇದು ಗಂಟಲು ಹಿಸುಕಿದಂತೆ. ಡ್ರ್ಯಾಗ್ ರೇಸಿನಲ್ಲಿ ತೂಕ ಇಳಿಸಲೆಂದು ಕ್ಯಾಟಲಿನಾ ಕಾರಿನ ಚಾಸಿಯನ್ನೇ ಡ್ರಿಲ್ ಮಾಡಿ ತೂತು ತೂತು ಮಾಡಿದ್ದ ಜನ ಅವರು. ರೇಸ್ ಮೈದಾನದ ಬಾಗಿಲು ಮುಚ್ಚಿದಾಗ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಜೊತೆಗಿದ್ದ ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಬೀದಿಯ ಕಡೆ ತಿರುಗಿದರು. ದೊಡ್ಡ ಕಾರಿನ 389 ಎಂಜಿನ್ ಪುಟ್ಟ ಟೆಂಪೆಸ್ಟ್ ಕಾರಿನ 326 ಎಂಜಿನ್ ಕೂರುವ ಜಾಗದಲ್ಲೇ ಕೂರುತ್ತದೆ ಎಂಬುದು ಅವರಿಗೆ ಹೊಳೆದಿತ್ತು. ಆ ಗಾತ್ರದ ಕಾರಿಗೆ 330 ಘನ ಅಂಗುಲ ಮೀರಿದ ಎಂಜಿನ್ ಹಾಕಬಾರದೆಂಬ ನಿಯಮವಿತ್ತು. ಹಾಗಾಗಿ ಹೊಸ ಮಾದರಿ ಎನ್ನದೆ, ಟೆಂಪೆಸ್ಟ್ ಲೆಮಾನ್ಸ್‌ಗೆ ಹೆಚ್ಚುವರಿ ಹಣಕ್ಕೆ ಸಿಗುವ ಆಯ್ಕೆಯೆಂದು ಕಾಗದದಲ್ಲಿ ತೋರಿಸಿದರು. ವಿಭಾಗದ ಮುಖ್ಯಸ್ಥ ಪೀಟ್ ಎಸ್ಟೆಸ್ ಧೈರ್ಯ ಮಾಡಿ ಒಪ್ಪಿದರು. 5,000 ಕಾರು ಮಾರಿದರೆ ಸಾಕೆಂಬ ಲೆಕ್ಕವಿತ್ತು. ಮೊದಲ ವರ್ಷವೇ 32,450 ಮಾರಿತು.

ಇದೇ ಹೊತ್ತಿಗೆ ಡ್ರ್ಯಾಗ್ ಮೈದಾನಗಳಲ್ಲಿ ಬೇರೆ ಕಂಪನಿಗಳ ಕಾರುಗಳು ನಿಜವಾದ ಗಾಳಿಯನ್ನೇ ಕುಡಿಯುತ್ತಿದ್ದವು. 1964ರ ಫೋರ್ಡ್ ಥಂಡರ್‌ಬೋಲ್ಟ್‌ನಲ್ಲಿ ಒಳಬದಿಯ ಎರಡು ಹೆಡ್‌ಲೈಟ್ ಕಿತ್ತು, ಆ ತೂತುಗಳಿಂದಲೇ ಎಂಜಿನ್ನಿಗೆ ದಪ್ಪ ಕೊಳವೆಗಳನ್ನು ಎಳೆದಿದ್ದರು. ಡಾಡ್ಜ್, ಪ್ಲಿಮತ್‌ಗಳ ರೇಸ್ ಕಾರುಗಳ ಬಾನೆಟ್ ಮೇಲಿನ ಸ್ಕೂಪ್ ಬಾಯಿ ತೆರೆದೇ ಇತ್ತು. ನಿಷೇಧ ಹೊತ್ತು ಕೂತಿದ್ದ ಪಾಂಟಿಯಾಕ್ ಮಾತ್ರ ಮುಚ್ಚಿದ ಸ್ಕೂಪಿನ ಕಾರನ್ನು ಹುಡುಗರಿಗೆ ಮಾರುತ್ತಿತ್ತು.

ಕಂಪನಿಗೆ ಮಾಡಲಾಗದ್ದನ್ನು ಒಬ್ಬ ಡೀಲರ್ ಮಾಡುತ್ತಿದ್ದ. ಮಿಷಿಗನ್ನಿನ ರಾಯಲ್ ಓಕ್ ಊರಿನ ರಾಯಲ್ ಪಾಂಟಿಯಾಕ್, ಏಸ್ ವಿಲ್ಸನ್ ಎಂಬಾತನ ಮಳಿಗೆ. ಅದರ ಬೆನ್ನಿಗೆ ನಿಂತವರು ಜಿಮ್ ವ್ಯಾಂಗರ್ಸ್. ವೃತ್ತಿಯಿಂದ ಜಾಹೀರಾತಿನವರು, ಒಲವಿನಿಂದ ರೇಸಿನವರು. 1960ರಲ್ಲಿ ಡೆಟ್ರಾಯಿಟ್‌ನ ರಾಷ್ಟ್ರೀಯ ಡ್ರ್ಯಾಗ್ ಪಂದ್ಯದಲ್ಲಿ ರಾಯಲ್‌ನ ಕ್ಯಾಟಲಿನಾ ಓಡಿಸಿ ಗೆದ್ದವರು. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಹತ್ತಿರವಾಗುವ ಮನುಷ್ಯ ಇವರೇ. ಕಾರು ಕಾರ್ಖಾನೆಯಿಂದ ಹೊರಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಕೊಂಡವನು ಅದನ್ನು ಮುಗಿಸಬೇಕು ಎಂಬ ನಂಬಿಕೆ ಅವರ ಕೆಲಸದ ಉದ್ದಕ್ಕೂ ಕಾಣುತ್ತದೆ. ರಾಯಲ್ ಮಳಿಗೆ ಕಾರಿಗೆ ಕಟ್ಟಿಕೊಡುತ್ತಿದ್ದ 'ಬಾಬ್‌ಕ್ಯಾಟ್' ಕಿಟ್‌ನಲ್ಲಿ ತೆಳುವಾದ ಹೆಡ್ ಗ್ಯಾಸ್ಕೆಟ್, ಕಾರ್ಬುರೇಟರ್‌ಗೆ ದೊಡ್ಡ ಜೆಟ್‌ಗಳು, ಡಿಸ್ಟ್ರಿಬ್ಯೂಟರ್ ತಿದ್ದುವ ಬಿಡಿಭಾಗ ಇರುತ್ತಿದ್ದವು. ಜೊತೆಗೆ, ಹೊಗೆಯ ಬಿಸಿಯನ್ನು ಕಾರ್ಬುರೇಟರ್‌ನ ಬುಡಕ್ಕೆ ಒಯ್ಯುವ ದಾರಿಯನ್ನೇ ಮುಚ್ಚುವ ಗ್ಯಾಸ್ಕೆಟ್ ಕೂಡ. ಎಂಜಿನ್ನಿಗೆ ತಣ್ಣನೆಯ ಉಸಿರು ಬೇಕು ಎಂಬುದು ರಾಯಲ್‌ನ ಮೆಕ್ಯಾನಿಕ್‌ಗಳಿಗೆ ಗೊತ್ತಿತ್ತು. ಉಳಿದದ್ದು ಬಾನೆಟ್ ಒಂದೇ.

1965ರಲ್ಲಿ ಜಿಟಿಒ ಮುಖ ಬದಲಾಯಿತು. ಎರಡು ಉಬ್ಬುಗಳ ಜಾಗಕ್ಕೆ ನಡುವೆ ಒಂದೇ ಅಗಲವಾದ ಸ್ಕೂಪ್ ಬಂತು, ಅದೂ ಮುಚ್ಚಿದ್ದೇ. ಆ ಮಾದರಿ ವರ್ಷ ಮುಗಿಯುತ್ತ ಬಂದಾಗ ಪಾಂಟಿಯಾಕ್‌ನ ಬಿಡಿಭಾಗಗಳ ಕೌಂಟರಿನಲ್ಲಿ ಹೊಸದೊಂದು ಕಿಟ್ ಕಾಣಿಸಿಕೊಂಡಿತು. ಡೀಲರ್ ಹತ್ತಿರ ಹಾಕಿಸಿಕೊಳ್ಳಬಹುದು, ಕೊಂಡೊಯ್ದು ನೀವೇ ಹಾಕಿಕೊಳ್ಳಬಹುದು. 'ಟ್ರೈ-ಪವರ್' ಅಂದರೆ ಸಾಲಾಗಿ ಮೂರು ರೋಚೆಸ್ಟರ್ ಕಾರ್ಬುರೇಟರ್‌ಗಳಿದ್ದ, 360 ಅಶ್ವಶಕ್ತಿಯ ಎಂಜಿನ್ನಿಗೆ ಅದು ಹೊಂದುತ್ತಿತ್ತು. ಮೂರೂ ಕಾರ್ಬುರೇಟರ್‌ಗಳನ್ನು ಸುತ್ತುವರಿಯುವ ಅಂಚೆತ್ತಿದ ಲೋಹದ ತಟ್ಟೆ, ಅದರ ಅಂಚಿಗೆ ಫೋಮ್. ಸ್ಕೂಪಿನ ಮುಚ್ಚಿದ ಬಾಯನ್ನು ಮಾತ್ರ ಕತ್ತರಿಸಿ ತೆರೆಯಬೇಕು. ಬಾನೆಟ್ ಮುಚ್ಚಿದಾಗ ಫೋಮ್ ಅದರ ಒಳಮೈಗೆ ಒತ್ತಿಕೊಳ್ಳುತ್ತದೆ. ಎಂಜಿನ್ ಕೋಣೆಯ ಬಿಸಿ ಹೊರಗುಳಿಯುತ್ತದೆ, ತೆರೆದ ಸ್ಕೂಪಿನಿಂದ ಬಂದ ಗಾಳಿ ಮಾತ್ರ ಒಳಗೆ ಹೋಗುತ್ತದೆ.

ಕಂಪನಿ ರೇಸ್ ಆಡುತ್ತಿಲ್ಲ. ಬಿಡಿಭಾಗ ಮಾರುತ್ತಿದೆ, ಅಷ್ಟೇ. ಆ ವರ್ಷ ಮಾರಾಟವಾದ ಜಿಟಿಒಗಳು 75,352. ಅವುಗಳಲ್ಲಿ ಈ ತಟ್ಟೆ ಕೂತದ್ದು ತೀರ ಕೆಲವಕ್ಕೆ.

ಈ ತಟ್ಟೆಯ ಸುತ್ತ ಅಂದಿನಿಂದ ಇಂದಿನವರೆಗೆ ಒಂದು ಜಗಳ ನಡೆದೇ ಇದೆ. ವೇಗದಲ್ಲಿ ನುಗ್ಗುವ ಕಾರು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ ಎನ್ನುವವರು ಒಂದು ಕಡೆ, ಇದೆಲ್ಲ ತೋರಿಕೆ ಎನ್ನುವವರು ಇನ್ನೊಂದು ಕಡೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 97 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 430 ಪಾಸ್ಕಲ್. ವಾತಾವರಣದ ಒತ್ತಡ 1,01,000 ಪಾಸ್ಕಲ್‌ಗೂ ಮೇಲೆ. ಅಂದರೆ ಗಳಿಕೆ ಶೇ. 0.5 ಕೂಡ ಇಲ್ಲ. 160 ಕಿ.ಮೀ. ವೇಗಕ್ಕೆ ಹೋದರೂ ಶೇ. 1.2ರ ಆಸುಪಾಸು. ಅದೂ ಸ್ಕೂಪ್ ಎದುರುಗಾಳಿಯನ್ನು ಪೂರ್ತಿಯಾಗಿ ಹಿಡಿದರೆ. ಜಿಟಿಒದ ಸ್ಕೂಪ್ ಬಾನೆಟ್ಟಿಗೆ ಅಂಟಿಕೊಂಡಂತೆ ತಗ್ಗಿನಲ್ಲಿದೆ. ಲೋಹದ ಮೈಗೆ ತಾಗಿ ಹರಿಯುವ ಗಾಳಿಯ ಪದರ ನಿಧಾನವಾದದ್ದು, ಅದಕ್ಕೆ ಸಿಗುವುದು ಆ ಪದರವೇ.

ಒತ್ತಡದ ವಾದ ಇಲ್ಲಿಗೆ ಸೋತಿತು. ತಟ್ಟೆ ಸೋಲಲಿಲ್ಲ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದು, ಬಾನೆಟ್ ಒಳಗೆ 60 ಡಿಗ್ರಿ ಇದೆ ಎಂದುಕೊಳ್ಳಿ. ಒಳಗಿನ ಗಾಳಿಯ ಸಾಂದ್ರತೆ ಹೊರಗಿನದಕ್ಕಿಂತ ಸುಮಾರು ಶೇ. 9 ಕಡಿಮೆ. ಪ್ರತಿ ಉಸಿರಿನಲ್ಲೂ ಅಷ್ಟು ಆಮ್ಲಜನಕ ಖೋತಾ. ತಟ್ಟೆ ಮರಳಿ ಕೊಟ್ಟದ್ದು ಅದನ್ನು. ಕಾರು ನಿಂತಿದ್ದರೂ ಕೊಡುತ್ತದೆ, ಸಿಗ್ನಲ್ಲಿನಿಂದ ಹೊರಟ ಮೊದಲ ಗಜದಲ್ಲೂ ಕೊಡುತ್ತದೆ. ಇನ್ನೊಂದನ್ನು ಯಾವ ಲೆಕ್ಕವೂ ಹಿಡಿಯದು: ಸಾಲಿನ ಎರಡು ತುದಿಯ ಕಾರ್ಬುರೇಟರ್‌ಗಳೂ ಪೂರ್ತಿ ತೆರೆದಾಗ ಏಳುವ ಗರ್ಜನೆ ಈಗ ನೇರ ಗಾಜಿನೆದುರಿಗೇ ಬಂದು ಬಡಿಯುತ್ತದೆ. ಅದೂ ಬೇಕೆಂದೇ ಹುಡುಗರು ಕಿಟ್ ಕೊಂಡರು ಎಂದು ನನ್ನ ನಂಬಿಕೆ.

ಈ ತಟ್ಟೆಯ ಹೊಸ ಪ್ರತಿಗಳು ಇಂದು ಅಮೆರಿಕದಲ್ಲಿ ಸಿಗುತ್ತವೆ, ಹಳೆಯ ಜಿಟಿಒ ಇಟ್ಟುಕೊಂಡವರು ಹಾಕಿಕೊಳ್ಳುತ್ತಾರೆ. ಕೆಲಸ ಸುಲಭವೆಂದು ಕಂಡರೂ ತಾಳ್ಮೆ ಬೇಡುತ್ತದೆ. ಮೊದಲು ನೋಡಬೇಕಾದದ್ದು ಎಂಜಿನ್ ಮೌಂಟಿಂಗ್ ರಬ್ಬರುಗಳನ್ನು. ತಟ್ಟೆ ಎಂಜಿನ್ ಮೇಲೆ ಕೂತಿದೆ, ಬಾನೆಟ್ ಕಾರಿನ ಮೈಗೆ ಸೇರಿದ್ದು. ಆಕ್ಸಿಲರೇಟರ್ ಒತ್ತಿದಾಗ ಈ ವಿ8 ಒಂದು ಬದಿಗೆ ವಾಲಿ ಏಳುತ್ತದೆ. ಆ ಅಲುಗಾಟ ನುಂಗುವುದಕ್ಕೇ ಅಂಚಿನಲ್ಲಿ ಫೋಮ್ ಇರುವುದು. ರಬ್ಬರು ಹರಿದಿದ್ದರೆ ತಟ್ಟೆ ಬಾನೆಟ್ಟಿಗೇ ಗುದ್ದುತ್ತದೆ. ತಟ್ಟೆ ಕೂರಿಸಿ, ಅಂಚಿನ ಮೇಲೆ ಅಲ್ಲಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು, ಬಾನೆಟ್ ಮೆಲ್ಲಗೆ ಇಳಿಸಿ ಮತ್ತೆ ಎತ್ತಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ಸಂದಿನ ಅಳತೆ. ಫೋಮ್ ಅದಕ್ಕಿಂತ ತುಸು ದಪ್ಪವಿರಬೇಕು. ಆಮೇಲೆ ಸುತ್ತಲೂ ಕಾಗದದ ಚೂರುಗಳನ್ನು ಸಿಕ್ಕಿಸಿ ಎಳೆದು ನೋಡಿದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತಿಳಿಯುತ್ತದೆ.

ಸ್ಕೂಪಿನ ಬಾಯಿ ತೆರೆಯುವುದು ಟಿಂಕರಿಂಗ್‌ನವರ ನಾಜೂಕು ಬೇಡುವ ಕೆಲಸ. ಮೂಲೆಗಳಲ್ಲಿ ಮೊದಲು ಡ್ರಿಲ್‌ನಿಂದ ದುಂಡನೆ ತೂತು, ಆಮೇಲೆ ಸಣ್ಣ ಹಲ್ಲಿನ ಬ್ಲೇಡು. ಇಲ್ಲದಿದ್ದರೆ ಮೂಲೆಯಿಂದ ಬಿರುಕು ಓಡುತ್ತದೆ. ಅಂಚನ್ನು ಅರ ಹಾಕಿ ನುಣ್ಣಗೆ ಮಾಡಬೇಕು, ತಗಡು ಕಾಣುವಲ್ಲೆಲ್ಲ ಪ್ರೈಮರ್ ಹಚ್ಚಬೇಕು. ಕಾರ್ಬುರೇಟರ್‌ಗಳ ಮೇಲೆ ಕತ್ತರಿಸುವುದಂತೂ ಸಲ್ಲದು. ಲೋಹದ ಒಂದು ಚೂರು ಗಂಟಲಿಗೆ ಬಿದ್ದರೆ ಸಿಲಿಂಡರ್ ಗೀಚಿಬಿಡುತ್ತದೆ. ಕೆಲಸ ಮುಗಿದು ಒಂದು ಓಟ ಓಡಿಸಿ ಬಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ತಣ್ಣನೆಯ ದಟ್ಟ ಗಾಳಿಗೆ ಪೆಟ್ರೋಲೂ ಹೆಚ್ಚು ಬೇಕು. ಪ್ಲಗ್ ಬೆಳ್ಳಗಾಗಿದ್ದರೆ ಜೆಟ್ ಬದಲಾಯಿಸಲೇಬೇಕು.

ಮಳೆ ಬಂದರೆ? ಕಂಪನಿಗೂ ಈ ಚಿಂತೆ ಇತ್ತು. ಕಾರ್ಖಾನೆಯೇ 'ರ‍್ಯಾಮ್ ಏರ್' ಎಂಬ ಹೆಸರಿನಲ್ಲಿ ಇದನ್ನು ಮಾರತೊಡಗಿದ ಮೇಲೂ ಕೆಲವು ವರ್ಷ ತಟ್ಟೆ ಮತ್ತು ತೆರೆದ ಸ್ಕೂಪ್ ಡಿಕ್ಕಿಯಲ್ಲೇ ಬರುತ್ತಿದ್ದವು, ಕಾರಿನ ಮೇಲೆ ಮುಚ್ಚಿದ್ದೇ ಇರುತ್ತಿತ್ತು. 1967ಕ್ಕೆ ಮೂರು ಕಾರ್ಬುರೇಟರ್‌ಗಳ ಕಾಲ ಮುಗಿದು ಒಂದೇ ಕ್ವಾಡ್ರಾಜೆಟ್ ಕಾರ್ಬುರೇಟರ್ ಬಂತು. 1969ರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೊಂದು ಗುಂಡಿ. ಎಳೆದರೆ ಸ್ಕೂಪಿನ ಮುಚ್ಚಳ ತೆರೆಯುತ್ತದೆ, ಮಳೆಯಲ್ಲಿ ಮುಚ್ಚಬಹುದು.

ಆಮೇಲೆ ಎಲ್ಲರೂ ಇದರ ಹಿಂದೆ ಬಿದ್ದರು. ಫೋರ್ಡ್ 1969ರ ಮಸ್ಟಾಂಗ್‌ನಲ್ಲಿ ಬಾನೆಟ್ಟಿಗೆ ದೊಡ್ಡ ತೂತು ಮಾಡಿ, ಎಂಜಿನ್ ಮೇಲೇ ನಿಂತ ಸ್ಕೂಪನ್ನು ಅದರಿಂದ ಹೊರಕ್ಕೆ ಚಾಚಿತು. ಎಂಜಿನ್ ನಡುಗಿದಂತೆ ಅದೂ ನಡುಗುವುದರಿಂದ ಹೆಸರೇ 'ಶೇಕರ್'. 1970ರ ಪ್ಲಿಮತ್‌ನಲ್ಲಿ ಗುಂಡಿ ಒತ್ತಿದರೆ ಬಾನೆಟ್ ನಡುವಿನಿಂದ ಬಾಗಿಲೊಂದು ಏಳುತ್ತಿತ್ತು, ಅದರ ಬದಿಯಲ್ಲಿ ಶಾರ್ಕ್‌ನ ಹಲ್ಲುಗಳ ಚಿತ್ರ. ಇವೆಲ್ಲದರಲ್ಲಿ ನನ್ನ ಗೌರವ ಅದೇ ವರ್ಷದ ಶೆವೆಲ್ ಎಸ್‌ಎಸ್‌ಗೆ. ಎದುರುಗಾಳಿ ಮುಂದಿನ ಗಾಜಿನ ಬುಡಕ್ಕೆ ಬಡಿದು ಅಲ್ಲಿ ಒತ್ತಡ ಏರುತ್ತದೆಂದು ಅರಿತು, ಅದನ್ನು ರೂಪಿಸಿದವರು ಬಾಯಿಯನ್ನು ಹಿಂದಕ್ಕೆ, ಗಾಜಿನ ಕಡೆಗೆ ತಿರುಗಿಸಿದರು. ನೋಡಲು ಅಬ್ಬರವಿಲ್ಲ, ಬುದ್ಧಿ ಇದೆ.

ಈ ತೆರೆದ ಬಾಯಿಗಳನ್ನು ಮುಚ್ಚಿದ್ದು ಸದ್ದಿನ ಕಾನೂನು. ರಸ್ತೆಯಲ್ಲಿ ಹಾದುಹೋಗುವ ಕಾರು ಎಷ್ಟು ಸದ್ದು ಮಾಡಬಹುದೆಂಬ ಮಿತಿ ಬಂದಾಗ, 1973ರಲ್ಲಿ ಪಾಂಟಿಯಾಕ್ ತನ್ನ ಟ್ರಾನ್ಸ್ ಆ್ಯಮ್ ಕಾರಿನ ಶೇಕರ್ ಬಾಯಿಗೆ ಮುಚ್ಚಳ ಹಾಕಿತು. ಹೊಗೆಯ ನಿಯಮಗಳಿಗಾಗಿ ಎಂಜಿನ್ ಹೊರಡುವಾಗ ಬಿಸಿ ಗಾಳಿ ಕೊಡುವ ಏರ್ ಕ್ಲೀನರ್‌ಗಳು ಆಗಲೇ ಬಂದಿದ್ದವು. ಆ ನಿಯಮಗಳು ಅಗತ್ಯವಾಗಿದ್ದವು, ಊರಿನ ಮಕ್ಕಳ ಉಸಿರು ಎಂಜಿನ್ನಿನ ಉಸಿರಿಗಿಂತ ದೊಡ್ಡದು. ನನ್ನ ಸಿಟ್ಟು ಬೇರೆಯದರ ಮೇಲೆ. ಬಾಯಿ ಮುಚ್ಚಿದ ಮೇಲೂ ಸ್ಕೂಪ್ ಹೋಗಲಿಲ್ಲ. 1964ರ ಕುರುಡು ಉಬ್ಬು ಮರಳಿ ಬಂದು, ಇಂದಿಗೂ ಎಷ್ಟೋ ಹೊಸ ಕಾರುಗಳ ಮೇಲೆ ಪ್ಲಾಸ್ಟಿಕ್ ಜಾಲರಿಯಾಗಿ ಕೂತಿದೆ, ಹಿಂದೆ ಏನೂ ಇಲ್ಲ. ಆ ಕಾರುಗಳ ಜೊತೆಗೆ ಯಾವ ತಟ್ಟೆಯೂ ಸಿಗುವುದಿಲ್ಲ.

ನಮ್ಮ ರಸ್ತೆಗಳಲ್ಲಿ ನಿಜವಾದ ಸ್ಕೂಪ್ ನೋಡಬೇಕೆಂದರೆ ಬಿಡದಿಯ ಕಾರ್ಖಾನೆಯಿಂದ 2009ರಲ್ಲಿ ಹೊರಬರತೊಡಗಿದ ಮೊದಲ ಪೀಳಿಗೆಯ ಟೊಯೊಟಾ ಫಾರ್ಚೂನರ್‌ನ ಬಾನೆಟ್ ಎತ್ತಿ. ಆ ಸ್ಕೂಪಿನ ಗಾಳಿ ಎಂಜಿನ್ ಉಸಿರಾಡುವುದಕ್ಕಲ್ಲ, ಟರ್ಬೊದಿಂದ ಬಿಸಿಯಾಗಿ ಬಂದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಮೇಲೆ ಬೀಳುವುದಕ್ಕೆ. ಕೆಲಸ ಬೇರೆ, ಆದರೆ ತೂತು ನಿಜ. ಮುಂದಿನ ಪೀಳಿಗೆಯ ಬಾನೆಟ್ ಮೇಲೆ ಸ್ಕೂಪೇ ಇಲ್ಲ. ಬೇಡವಾದಾಗ ತೆಗೆದದ್ದನ್ನೂ ನಾನು ಮೆಚ್ಚುತ್ತೇನೆ.

ಪಾಂಟಿಯಾಕ್ ಈಗಿಲ್ಲ. 2010ಕ್ಕೆ ಆ ಹೆಸರು ಕೊನೆಗೊಂಡಿತು. ಹಳೆಯ ಜಿಟಿಒಗಳ ಬೆಲೆ ಏರಿದಂತೆ, ಕಾರ್ಖಾನೆಯಿಂದ ಬಂದ ಹಾಗೇ ಇರುವ ಬಾನೆಟ್ಟಿಗೆ ಬೇಡಿಕೆ ಹೆಚ್ಚಾಗಿದೆ. ಹಾಗಾಗಿ ಇಂದು ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಕೋರಿಕೆ: ಮೂಲ ಸ್ಕೂಪಿನ ಮುಖವನ್ನು ಬಿಚ್ಚಿ ಜೋಪಾನವಾಗಿಡಿ, ಹೊಸದಾಗಿ ಎರಕ ಹೊಯ್ದ ಪ್ರತಿಯನ್ನು ಕತ್ತರಿಸಿ. ಆದರೆ 1965ರಲ್ಲೇ ಯಾರೋ ಕೈಯಾರೆ ತೆರೆದ ಸ್ಕೂಪ್ ನಿಮಗೆ ಸಿಕ್ಕರೆ, ಅಂಚು ಸೊಟ್ಟಗಿದೆ, ಅರದ ಗೀರುಗಳಿವೆ ಎಂದು ಅದನ್ನು ಪುಟ್ಟಿ ತುಂಬಿ ಸರಿಮಾಡಲು ಹೋಗಬೇಡಿ. ಆ ಕಿಟ್ ಹೇಗೆ ಬಳಕೆಯಾಯಿತು ಎಂಬುದಕ್ಕೆ ಆ ಗೀರುಗಳಿಗಿಂತ ಒಳ್ಳೆಯ ದಾಖಲೆ ಬೇರೆಲ್ಲೂ ಸಿಗದು.